ವಾಯರಿನ ಹಣೆ

ಆ ಕೋಣೆಯ ಎ.ಸಿ.ಗೆ ಒಂದು ಒಳ್ಳೆಯ ಮುರ್ರಾ ಎಮ್ಮೆಯ ಬೆಲೆ ಬಿತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ತಂದ ಎರಡನೆಯದಕ್ಕೆ ಇನ್ನೊಂದು ಎಮ್ಮೆ. ಕರೆಂಟು ಹೋದಾಗ ಯಂತ್ರಗಳು ನಿಲ್ಲಬಾರದೆಂದು ತರಿಸಿದ ಬ್ಯಾಟರಿಗಳಿಗೆ ಮೂರು ಎಮ್ಮೆ ಮತ್ತು ಒಂದು ಮುದಿ ಕೋಣ. ಲೆಕ್ಕ ಮಾಡುವ ಕಂಪ್ಯೂಟರುಗಳ ಕಪಾಟಿಗೆ ಒಂದು ಕೊಟ್ಟಿಗೆ ತುಂಬುವಷ್ಟು ದನ. ಮಾಡಿದ ಲೆಕ್ಕವನ್ನು ಕೂಡಿಡುವ ಡಿಸ್ಕುಗಳ ಕಪಾಟಿಗೆ ಎರಡು ಕೊಟ್ಟಿಗೆ, ಮೇಲೆ ಒಂದು ಬಣವೆ ಹುಲ್ಲು. ಇಷ್ಟೆಲ್ಲ ಸರಿ. ಆದರೆ ಆ ಕಪಾಟಿನಿಂದ ಈ ಕಪಾಟಿಗೆ ಹಾಕುವ, ಜೋಳದ ದಂಟಿಗಿಂತ ಸಣ್ಣದಾದ, ಕಿತ್ತಳೆ ಬಣ್ಣದ ವಾಯರಿಗೆ ಒಂದೊಂದಕ್ಕೆ ಒಂದೊಂದು ಕರು.

ಶಟ್ಟೆಪ್ಪ ಲೆಕ್ಕ ಹಾಕಿದ್ದು ಹೀಗೆ. ಸಂಘದ ಆಡಳಿತ ಮಂಡಳಿಯವರು ಇದೇ ಲೆಕ್ಕವನ್ನು ರೂಪಾಯಿಯಲ್ಲಿ ಹಾಕಿ, ಕೈ ಎತ್ತಿ, ಚಹಾ ಕುಡಿದು ಮನೆಗೆ ಹೋಗಿದ್ದರು. ಶಟ್ಟೆಪ್ಪ ಅದನ್ನು ಎಮ್ಮೆಗೆ ತಿರುಗಿಸಿ ಹೇಳಿದ ಮೇಲೆ ಇಬ್ಬರು ನಿರ್ದೇಶಕರಿಗೆ ಊಟ ಸೇರಲಿಲ್ಲ.

ಸಂಘವೆಂದರೆ ಬೈಲಹೊಂಗಲದ ಶ್ರೀ ಗುರುಪಾದೇಶ್ವರ ಪತ್ತಿನ ಸಂಘ. ಕಿತ್ತೂರು, ಸವದತ್ತಿ, ರಾಮದುರ್ಗ, ಯರಗಟ್ಟಿಗಳಲ್ಲಿ ಅದಕ್ಕೆ ಶಾಖೆಗಳು. ಎಲ್ಲ ಶಾಖೆಗಳ ಹಳೆಯ ಕಾಗದಪತ್ರ ಬಂದು ಬೀಳುತ್ತಿದ್ದ ರೆಕಾರ್ಡು ಕೋಣೆಗೆ ಶಟ್ಟೆಪ್ಪ ಒಡೆಯ. ಯಾವ ಗಂಟು ಯಾವ ಮೂಲೆಯಲ್ಲಿದೆ ಎಂಬುದು ಅವನಿಗೆ ಮತ್ತು ಇಲಿಗಳಿಗೆ ಮಾತ್ರ ಗೊತ್ತಿತ್ತು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅಧ್ಯಕ್ಷ ವಿರೂಪಾಕ್ಷಪ್ಪನವರು ಆ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಕಪಾಟುಗಳನ್ನು ತಂದು ನಿಲ್ಲಿಸಿ, ಬಾಗಿಲಿಗೆ ‘ಡೇಟಾ ಸೆಂಟರ್ – ಪಾದರಕ್ಷೆ ಹೊರಗೆ ಬಿಡಿ’ ಎಂದು ಬೋರ್ಡು ಬರೆಸಿದರು.

"ಇನ್ನ ಮ್ಯಾಲೆ ಎಲ್ಲಾ ಶಾಖಾದ ಲೆಕ್ಕ ಇಲ್ಲೇ ಇರತಾವು," ಎಂದರು ಅಧ್ಯಕ್ಷರು. "ಬಸವ ಜಯಂತಿಗೆ ಉದ್ಘಾಟನಾ. ಜಿಲ್ಲಾದಿಂದ ಸಾಹೇಬ್ರು ಬರತಾರ. ಅಲ್ಲೀತನಕ ಈ ಖೋಲಿ ಕಾಯೂದು ನಿನ್ನ ಕೆಲಸ. ಎಲ್ಲಾ ಸುಸೂತ್ರ ಆತಂದ್ರ ಇದರ ಉಸ್ತುವಾರಿ ನಿನಗ. ಏನರ ಹೆಚ್ಚುಕಡಿಮಿ ಆತಂದ್ರ, ರಾಮದುರ್ಗ ಶಾಖಾದಾಗ ಒಂದ್ ಕುರ್ಚಿ ಖಾಲಿ ಐತಿ."

ರಾಮದುರ್ಗ ಎಂದ ಕೂಡಲೇ ಶಟ್ಟೆಪ್ಪನ ಕಣ್ಣ ಮುಂದೆ ಗೌರಿ ಬಂದು ನಿಂತಳು. ಗೌರಿ ಅವನ ಎಮ್ಮೆ. ಶಟ್ಟೆಪ್ಪನ ಕೈ ಬಿಟ್ಟು ಬೇರೆ ಯಾರ ಕೈ ತಾಗಿದರೂ ಒಂದು ಹನಿ ಹಾಲು ಇಳಿಸುವವಳಲ್ಲ. ಹೆಂಡತಿ ರಾಯವ್ವ ಒಮ್ಮೆ ಅವನ ಅಂಗಿ ಹಾಕಿಕೊಂಡು, ಅವನಂತೆಯೇ ಕೆಮ್ಮಿ, ಮೋಸ ಮಾಡಿ ಹಿಂಡಲು ಹೋಗಿ ಚರಿಗೆ ಸಮೇತ ಹಿತ್ತಲಿನ ಗೋಡೆಗೆ ಬಿದ್ದಿದ್ದಳು. ಗೌರಿಯನ್ನು ರಾಮದುರ್ಗಕ್ಕೆ ಒಯ್ಯುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಆ ಡೇಟಾ ಸೆಂಟರು ಸುಸೂತ್ರವಾಗಿ ಶುರುವಾಗಲೇಬೇಕಿತ್ತು.

ಯಂತ್ರಗಳನ್ನು ಜೋಡಿಸಲು ಹುಬ್ಬಳ್ಳಿಯ ಕಂಪನಿಯಿಂದ ಬಂದವಳು ಪ್ರಜ್ಞಾ ಎಂಬ ಇಂಜಿನಿಯರ್ ಹುಡುಗಿ. ಅವಳ ಊರು ರಾಮದುರ್ಗವೇ. ಶಟ್ಟೆಪ್ಪ ಮೊದಲ ದಿನವೇ ಅವಳ ಮುಂದೆ ತನ್ನ ಕಷ್ಟ ತೋಡಿಕೊಂಡ.

"ಯಾಕ್ರಿ ಕಾಕಾ, ನಮ್ಮೂರು ಅಷ್ಟ ಕೆಟ್ಟೈತೇನ್ರಿ?" ಎಂದಳು ಪ್ರಜ್ಞಾ.

"ಊರು ಚಲೋ ಐತಿ ತಂಗಿ. ನಮ್ಮ ಎಮ್ಮಿ ಕೆಟ್ಟೈತಿ."

ಅವಳು ನಕ್ಕು, ಚೀಲದಿಂದ ಕಿತ್ತಳೆ ವಾಯರು ತೆಗೆದು ಎರಡು ಕಪಾಟುಗಳ ನಡುವೆ ಇಳಿಬಿಡತೊಡಗಿದಳು. ಕರುವಿನ ಬೆಲೆಯ ವಾಯರು ಕಂಡ ಶಟ್ಟೆಪ್ಪ ಹತ್ತಿರ ಬಂದ.

"ಇದರಾಗ ತಾಮ್ರ ಎಷ್ಟ ಐತ್ರಿ?"

"ತಾಮ್ರ ಇಲ್ರಿ. ಕಾಜು, ಬಳಿ ಮಾಡೂ ಕಾಜು. ಕೂದಲಕಿಂತ ಸಣ್ಣ ಕಾಜಿನ ಎಳಿ."

"ಕಾಜಿನ್ಯಾಗ ಕರೆಂಟ್ ಹೆಂಗ ಹರೀತೈತಿ?"

"ಕರೆಂಟ್ ಹರಿಯೂದಿಲ್ರಿ, ಬೆಳಕ ಹರೀತೈತಿ. ಸವದತ್ತಿಯೊಳಗ ಯಾರರ ರೊಕ್ಕ ಕಟ್ಟಿದ್ರಂದ್ರ, ಆ ಲೆಕ್ಕ ಮೊದಲ ಈ ಕಪಾಟಿಗೆ ಬರತೈತಿ. ಇಲ್ಲಿಂದ ಬೆಳಕಾಗಿ ಈ ಎಳಿಯೊಳಗ ಓಡಿ ಆ ಕಪಾಟಿನ ಡಿಸ್ಕಿನ್ಯಾಗ ಹೋಗಿ ಕುಂದರತೈತಿ."

ಶಟ್ಟೆಪ್ಪ ವಾಯರನ್ನು ನೋಡಿದ, ಕಪಾಟು ನೋಡಿದ, ಮತ್ತೆ ವಾಯರನ್ನು ನೋಡಿದ. "ಯಾವ ಬಣ್ಣದ ಬೆಳಕ್ರಿ?"

"ಕಣ್ಣಿಗೆ ಕಾಣೂದಿಲ್ರಿ."

"ಕಾಣೂದಿಲ್ಲಂದ್ರ ಅದು ಬೆಳಕಂತ ಹೆಂಗ ಗೊತ್ತಾತು?"

ಪ್ರಜ್ಞಾಳ ಕೈ ನಿಂತಿತು. ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಆ ಕಡಿ ಯಂತ್ರಕ್ಕ ಕಾಣತೈತ್ರಿ," ಎಂದಳು. "ಅದಕ್ಕ ಕಂಡ್ರ ಸಾಕು."

ಗೋಡೆಯ ಸುಣ್ಣ ಇನ್ನೂ ಪುಡಿ ಉದುರಿಸುತ್ತಿತ್ತು. ಹಾಗಾಗಿ ಅವಳು ವಾಯರುಗಳನ್ನು ಕಪಾಟಿಗೆ ಸಿಕ್ಕಿಸದೆ, ತುದಿಗಳಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿ ಹಾಕಿ, ದುಂಡಗೆ ಸುತ್ತಿ ತೂಗುಹಾಕಿದಳು. ಒಂದು ಹೆಚ್ಚುವರಿ ವಾಯರನ್ನು ಕವರಿನಲ್ಲಿಯೇ ಮೇಜಿನ ಮೇಲಿಟ್ಟಳು. "ನಾ ಉಳಿದ ಶಾಖಾ ನೋಡಿಕೊಂಡು ಬಸವ ಜಯಂತಿ ಮುಂಜಾನೆ ಬಂದು ಸಿಕ್ಕಸ್ತೇನಿ. ಬಗ್ಗಿಸಿ ಮುರೀಬ್ಯಾಡ್ರಿ, ಗಂಟ ಹಾಕಬ್ಯಾಡ್ರಿ, ಟೋಪಿ ತಗೀಬ್ಯಾಡ್ರಿ," ಎಂದು ಹೇಳಿ ಕಿತ್ತೂರಿನ ಬಸ್ಸು ಹತ್ತಿದಳು.

ಮೂರು ಮಾತಿನಲ್ಲಿ ಎರಡನ್ನು ಶಟ್ಟೆಪ್ಪ ಅಕ್ಷರಶಃ ಪಾಲಿಸಿದ. ಇದನ್ನು ಅವನ ಪರವಾಗಿ ಇಲ್ಲಿ ದಾಖಲಿಸಲೇಬೇಕು.

ತೊಂದರೆ ಶುರುವಾದದ್ದು ಅವನ ಭಾಷಣದಿಂದ. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಹತ್ತಿ ಮಾರುಕಟ್ಟೆಯ ಕಟ್ಟೆಯ ಮೇಲೆ, ಎಲ್ಲಿ ಕುಂತರೂ ಅವನದು ಒಂದೇ ಮಾತು: ನಮ್ಮಲ್ಲಿ ಲೆಕ್ಕವನ್ನು ಬೆಳಕು ಹೊತ್ತುಕೊಂಡು ಹೋಗುತ್ತದೆ. ಮೊದಲೆರಡು ದಿನ ಜನ ಕೇಳಿದರು. ಮೂರನೆಯ ದಿನ ಯರಗಟ್ಟಿಯಿಂದ ರಾಯವ್ವನ ತಮ್ಮ ಗಂಗಪ್ಪ ಹಬ್ಬಕ್ಕೆಂದು ಬಂದಿಳಿದ.

ಗಂಗಪ್ಪನದು ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರು ಬಲ್ಬು, ವಾಯರು, ಪಂಪ್‌ಸೆಟ್ಟಿನ ಅಂಗಡಿ. ಅಕ್ಕನ ಗಂಡ ಏನು ಹೇಳಿದರೂ ಅದನ್ನು ಅಲ್ಲಗಳೆಯುವುದು ತನ್ನ ಹುಟ್ಟಿನ ಹಕ್ಕೆಂದು ತಿಳಿದವನು. ಈಗಂತೂ ಮಾತು ವಾಯರಿನದು.

"ಮಾಮಾ, ಹಲ್ಲ ಬರೂ ಮೊದಲ ವಾಯರ್ ಕಚ್ಚಿ ಬೆಳದಾಂವ ನಾನು," ಎಂದ ಗಂಗಪ್ಪ. "ತಾಮ್ರ ಇಲ್ಲದ ವಾಯರು. ಅದರಾಗ ಬೆಳಕು. ಆ ಬೆಳಕು ಕಣ್ಣಿಗೆ ಕಾಣಂಗಿಲ್ಲ. ನಿಮ್ಮ ಸಂಘಕ್ಕ ಯಾರೋ ಚಲೋ ಟೋಪಿ ಹಾಕ್ಯಾರ."

"ಟೋಪಿ ಸಂಘಕ್ಕ ಹಾಕಿಲ್ಲ, ವಾಯರಿಗೆ ಹಾಕ್ಯಾರ," ಎಂದ ಶಟ್ಟೆಪ್ಪ ಗಂಭೀರವಾಗಿ.

"ಹಂಗಾರ ತೋರಸ್ರಿ."

ಮಾನವಂತನಾದವನು ಇದಕ್ಕೆ ಇಲ್ಲ ಎನ್ನುವುದು ಹೇಗೆ? ಹಬ್ಬದ ಹಿಂದಿನ ದಿನ ಮಧ್ಯಾಹ್ನ ಶಟ್ಟೆಪ್ಪ ಮುಂದೆ, ಗಂಗಪ್ಪ ಹಿಂದೆ, ಅವರ ಹಿಂದೆ ರಾಯವ್ವ, ಅವಳ ಹಿಂದೆ ಓಣಿಯ ಅರ್ಧ ಜನ ಡೇಟಾ ಸೆಂಟರಿಗೆ ಬಂದರು. ಬೋರ್ಡಿನಲ್ಲಿ ಬರೆದಂತೆ ಎಲ್ಲರೂ ಪಾದರಕ್ಷೆಗಳನ್ನು ಹೊರಗೆ ಬಿಟ್ಟರು. ಅಷ್ಟರಮಟ್ಟಿಗೆ ಶಿಸ್ತು ಇತ್ತು.

ಒಳಗೆ ಎ.ಸಿ. ಮೆಲ್ಲಗೆ ಊದುತ್ತಿತ್ತು. ಹೊರಗೆ ನೆಲ ಕಾದ ಹಂಚಿನಂತಿದ್ದ ಹೊತ್ತಿನಲ್ಲಿ ಇಂಥ ತಂಪನ್ನು ಯಾರೂ ಕಂಡಿರಲಿಲ್ಲ. ಪಕ್ಕದ ಮನೆಯ ಕೃಷ್ಣವ್ವ ಗೋಡೆಗೆ ಬೆನ್ನು ಹಚ್ಚಿ ಕುಳಿತು ಕಣ್ಣು ಮುಚ್ಚಿದಳು. ಯಾರೋ ಭಜಿಯ ಪೊಟ್ಟಣ ಬಿಚ್ಚಿದರು. ರಾಯವ್ವ ಸೆರಗಿನೊಳಗಿಂದ ಬೆಣ್ಣೆಯ ಡಬ್ಬಿ ತೆಗೆದು ಡಿಸ್ಕುಗಳ ಕಪಾಟಿನ ಮೇಲಿಟ್ಟು, "ಬಾಳ ಹೊತ್ತ ಅಲ್ಲ, ಗಟ್ಟಿ ಆಗೂಮಟ," ಎಂದಳು.

ಶಟ್ಟೆಪ್ಪ ಒಂದು ವಾಯರಿನ ಎರಡೂ ಕಡೆಯ ಟೋಪಿ ತೆಗೆದ. ಒಂದು ತುದಿಗೆ ಕೃಷ್ಣವ್ವನ ಗಂಡನ, ಸೆಲ್ಲು ಇಳಿದ ಬ್ಯಾಟರಿ ದೀಪ ಹಿಡಿದ. ಇನ್ನೊಂದು ತುದಿಯನ್ನು ಗಂಗಪ್ಪನ ಮುಂದೆ ಚಾಚಿದ.

"ಏನರ ಕಂಡ್ತೇನ?"

"ಕಾಣವಲ್ತು."

"ಇನ್ನೊಂದೀಟ ಕಣ್ಣ ಕಿರಿದ ಮಾಡು."

"ಇದಕಿಂತ ಕಿರಿದ ಮಾಡಿದ್ರ ನಿದ್ದಿ ಬರತೈತಿ ಮಾಮಾ."

ವಾಯರಿನ ತುದಿ ಕೈಯಿಂದ ಕೈಗೆ ದಾಟಿತು. ಒಬ್ಬ ಬೆಚ್ಚಗಿದೆಯೋ ಎಂದು ಬೆರಳಿಟ್ಟು ನೋಡಿದ. ಅವನ ಬೆರಳಿಗೆ ಭಜಿಯ ಎಣ್ಣೆ ಇತ್ತು. ಒಬ್ಬ ಕಿವಿಗೆ ಹಚ್ಚಿಕೊಂಡು ದೂರದ ಶಾಖೆಯ ಸುದ್ದಿ ಕೇಳಿಸುತ್ತದೆಯೇನೋ ಎಂದು ಕಾದ. ಕೃಷ್ಣವ್ವ ಮೂಸಿ ನೋಡಿ, ವಾಸನೆ ಇಲ್ಲ ಎಂದು ತೀರ್ಪು ಕೊಟ್ಟಳು. ಗಂಗಪ್ಪ ಎತ್ತಿಗೆ ಔಷಧ ಕುಡಿಸುವ ಗೊಟ್ಟದಂತೆ ಅದನ್ನು ಬಾಯಿಗಿಟ್ಟು ಊದಿದ. ಆ ಕಡೆ ಏನೂ ಬರಲಿಲ್ಲ. ಒಂದು ವಾಯರು ಸೋತಿತೆಂದು ಇನ್ನೊಂದರ ಟೋಪಿ ತೆಗೆದರು. ಅದೂ ಸೋತಿತು. ಹೀಗೆ ತೂಗುಹಾಕಿದ ಎಲ್ಲ ವಾಯರುಗಳೂ ಬರಿತಲೆಯಾದವು.

ಕೊನೆಗೆ ರಾಯವ್ವ ಎದ್ದು ನಿಂತಳು. "ಪೂಜಿ ಮಾಡಿರೇನು?"

ಎಲ್ಲರೂ ಶಟ್ಟೆಪ್ಪನ ಕಡೆ ನೋಡಿದರು. ಪೂಜೆ ಆಗಿರಲಿಲ್ಲ.

"ಹೊಸಾ ಟ್ರ್ಯಾಕ್ಟರಿಗೆ ವಿಭೂತಿ ಹಚ್ಚದ ಕಿಲ್ಲಿ ತಿರುವೂದಿಲ್ಲ. ಹೊಸಾ ಬೀಸೂ ಕಲ್ಲಿಗೆ ಹಚ್ಚದ ಹಿಟ್ಟ ಬೀಸೂದಿಲ್ಲ. ಎರಡ ಕೊಟ್ಟಗಿ ಎಮ್ಮಿ ಮಾರಿ ತಂದ ಯಂತ್ರಕ್ಕ ಪೂಜಿ ಬ್ಯಾಡೇನು? ಬೆಳಕರ ಎಲ್ಲಿಂದ ಬರಬೇಕು?"

ಓಣಿಯವರೆಲ್ಲ ಸಮಾಧಾನದ ಉಸಿರು ಬಿಟ್ಟರು. ಇಷ್ಟು ಹೊತ್ತಿಗೆ ಒಂದು ಅರ್ಥವಾಗುವ ಮಾತು ಬಂದಿತ್ತು.

"ಟೋಪಿ ತಗೀಬ್ಯಾಡ್ರಿ ಅಂದಾಳ ಆ ಹುಡುಗಿ," ಎಂದ ಶಟ್ಟೆಪ್ಪ ಕ್ಷೀಣವಾಗಿ.

"ಟೋಪಿ ತಗೀಬ್ಯಾಡ್ರಿ ಅಂದಾಳ. ಪೂಜಿ ಮಾಡಬ್ಯಾಡ್ರಿ ಅಂದಾಳೇನು?"

ಅಂದಿರಲಿಲ್ಲ. ವಿಭೂತಿ ಬಂತು, ಕುಂಕುಮ ಬಂತು. ಕಪಾಟುಗಳಿಗೆ ಹಚ್ಚುವುದು ಸುಲಭವಾಯಿತು. ಪ್ರಶ್ನೆ ಬಂದದ್ದು ವಾಯರಿಗೆ. ಎತ್ತಿಗೆ ಹಣೆ ಇದೆ, ಟ್ರ್ಯಾಕ್ಟರಿಗೆ ಬಾನೆಟ್ಟು ಇದೆ. ವಾಯರಿನ ಹಣೆ ಯಾವುದು? ನಡುವೆ ಎಂದರು ಕೆಲವರು. ನಡು ಹೇಗೆ ಹಣೆಯಾಗುತ್ತದೆ, ನಡು ಹೊಟ್ಟೆಯಲ್ಲವೇ ಎಂದಳು ಕೃಷ್ಣವ್ವ. ಟೋಪಿ ಹಾಕುವುದು ತಲೆಗೆ, ಟೋಪಿ ತೆಗೆದರೆ ಕಾಣುವುದು ಹಣೆ, ಆದ್ದರಿಂದ ತುದಿಯೇ ಹಣೆ ಎಂದು ಗಂಗಪ್ಪ ಸಾಧಿಸಿದ. ವಾಯರಿನ ವ್ಯಾಪಾರಿಯ ಮಾತನ್ನು ಯಾರೂ ಮೀರಲಿಲ್ಲ.

ಶಟ್ಟೆಪ್ಪ ಸ್ನಾನ ಮಾಡಿ ಬಂದು, ಪ್ರತಿ ವಾಯರಿನ ಪ್ರತಿ ತುದಿಗೂ ಭಕ್ತಿಯಿಂದ ವಿಭೂತಿ ಒತ್ತಿದ, ಅದರ ಮೇಲೆ ಚಿಟಿಕೆ ಕುಂಕುಮ ಇಟ್ಟ. ಒಂದನ್ನು ಬಿಟ್ಟರೆ ಅದು ಬೇಸರಪಟ್ಟೀತೆಂದು ಯಾವುದನ್ನೂ ಬಿಡಲಿಲ್ಲ. ಮತ್ತೆ ಟೋಪಿ ಹಾಕಿದ. ರಾಯವ್ವ ಬೆಣ್ಣೆ ತೆಗೆದುಕೊಂಡಳು. ಜನ ಚದುರಿದರು. ಗಂಗಪ್ಪ ಮಾತ್ರ ಬೆವರು ಆರಿಸಿಕೊಂಡು ಬರುತ್ತೇನೆಂದು ಒಳಗೇ ನಿಂತು, ಆಮೇಲೆ ಕೈಚೀಲವನ್ನು ಎದೆಗವಚಿಕೊಂಡು ಹೊರಬಂದ. ಇವನಿಗೂ ಭಕ್ತಿ ಬಂತಲ್ಲ ಎಂದು ಶಟ್ಟೆಪ್ಪನಿಗೆ ಸಂತೋಷವೇ ಆಯಿತು.

ಬಸವ ಜಯಂತಿಯ ಮುಂಜಾನೆ ಸಂಘದ ಅಂಗಳದಲ್ಲಿ ಪೆಂಡಾಲು, ಒಳಗೆ ಪ್ರಜ್ಞಾ. ಅವಳು ಕಪಾಟಿನ ಮೇಲಿನ ವಿಭೂತಿ ಕಂಡು, ಪೂಜೆಯಾಗಿದೆ, ಒಳ್ಳೆಯದು ಎಂದುಕೊಂಡು, ಅವಸರದಲ್ಲಿ ವಾಯರುಗಳ ಟೋಪಿ ತೆಗೆತೆಗೆದು ಸಿಕ್ಕಿಸಿದಳು. ಗುಂಡಿ ಒತ್ತಿದಳು. ಕಪಾಟುಗಳು ಗುಂಯ್‌ಗುಟ್ಟಿದವು. ವಾಯರು ಸಿಕ್ಕಿಸಿದಲ್ಲಿ ಹಸಿರು ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಕಂಪ್ಯೂಟರಿನ ಪರದೆ, ನನಗೆ ಯಾವ ಡಿಸ್ಕೂ ಕಾಣುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿತು.

ಹೊರಗೆ ಜೀಪು ನಿಂತಿತು. ಜಿಲ್ಲೆಯ ಸಾಹೇಬರು ಇಳಿದರು.

ವಿರೂಪಾಕ್ಷಪ್ಪನವರು ಒಳಗೆ ಬಂದು ನೋಡಿದರು, ಹೊರಗೆ ಹೋಗಿ ಸ್ವಾಗತ ಭಾಷಣ ಮಾಡಿದರು, ಮತ್ತೆ ಒಳಗೆ ಬಂದು ನೋಡಿದರು. ಎ.ಸಿ. ಕೋಣೆಯಲ್ಲಿ ಬೆವರಿದ ಮೊದಲ ಮನುಷ್ಯ ಅವರೇ. "ಸಾಹೇಬ್ರ ಮಾತ ನಡದಾವು," ಎಂದರು. "ಅವರು ಸಹಕಾರ ಚಳವಳಿ ಇತಿಹಾಸ ಶುರು ಮಾಡ್ಯಾರ. ಈಗ ಬ್ರಿಟಿಷರ ಕಾಲದಾಗ ಅದಾರ. ಸ್ವಾತಂತ್ರ್ಯ ಬರೂದ್ರೊಳಗ ಚಾಲೂ ಆಗಬೇಕು."

ಬಾಗಿಲಲ್ಲಿ ನೆರೆದವರು ಸುಮ್ಮನಿರಲಿಲ್ಲ. ಹನಿ ನೀರಾವರಿಯ ಪೈಪು ಕಟ್ಟಿಕೊಂಡರೆ ಬಿಸಿನೀರು ಬಿಡುತ್ತಾರೆ, ಹಾಗೆ ಮಾಡಿ ಎಂದ ಒಬ್ಬ. ನಿನ್ನೆಯ ಅಳತೆಗಿಂತ ವಾಯರು ಎಳೆದುಕೊಂಡಿದೆ, ಸಡಿಲು ಬಿಡಿ ಎಂದ ಇನ್ನೊಬ್ಬ. "ನಾ ಮೊದಲ ಹೇಳಿದ್ದೆ, ತಾಮ್ರ ಇಲ್ಲಂತ," ಎಂದ ಗಂಗಪ್ಪ. ಕಪಾಟಿಗೆ ದೃಷ್ಟಿ ತಾಕಿದೆ, ಬೆಣ್ಣೆ ಇಟ್ಟಾಗ ಎಲ್ಲರೂ ಅದನ್ನೇ ನೋಡುತ್ತಿದ್ದರು ಎಂದಳು ಕೃಷ್ಣವ್ವ.

"ಬೆಣ್ಣಿ?" ಎಂದು ಪ್ರಜ್ಞಾ ತಿರುಗಿದಳು. ಆಮೇಲೆ, "ಟೋಪಿ ಯಾರರ ತಗದಿದ್ರೇನ್ರಿ?" ಎಂದಳು.

ಇಷ್ಟು ಹೊತ್ತು ಬಾಗಿಲಲ್ಲಿ ಸಲಹೆ ಕೊಡುತ್ತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಶಟ್ಟೆಪ್ಪ ಛಾವಣಿ ನೋಡಿದ. ಹೊರಗೆ ಸಾಹೇಬರು ಬ್ರಿಟಿಷರನ್ನು ಅರ್ಧ ದಾಟಿದ್ದರು.

ಪ್ರಜ್ಞಾ ಚೀಲದಿಂದ ಪೆನ್ನಿನಷ್ಟು ಉದ್ದದ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಒಂದು ದುರ್ಬೀನು ತೆಗೆದಳು. ವಾಯರು ಬಿಚ್ಚಿ ಅದರ ತುದಿಯನ್ನು ಅದಕ್ಕೆ ಹಚ್ಚಿ, ಕಣ್ಣಿಟ್ಟು ನೋಡಿದಳು. ನೋಡುತ್ತಲೇ ಇದ್ದಳು.

"ಕಾಕಾ, ಇಲ್ಲಿ ಬರ್ರಿ. ನೀವ ನೋಡ್ರಿ."

ಶಟ್ಟೆಪ್ಪ ಕಣ್ಣಿಟ್ಟ. ಅಲ್ಲಿ ಸವದತ್ತಿಯ ಗುಡ್ಡವೇ ಕುಳಿತಂತೆ ಇತ್ತು. ಬಿಳಿಯ ಬಂಡೆಗಳು, ನಡುವೆ ಕೆಂಪು ಹೆಂಟೆಗಳು, ಒಂದು ಬದಿಗೆ ಎಣ್ಣೆಯ ಕೆರೆ. ನಡುವೆಲ್ಲೋ ಒಂದು ಚುಕ್ಕಿಯಷ್ಟು ಜಾಗ ಬಂಡೆಗಳ ಅಡಿಗೆ ಮುಚ್ಚಿಹೋಗಿತ್ತು. ಇಷ್ಟು ದಿನ ಏನಾದರೊಂದು ಕಾಣಬೇಕೆಂದು ಹಂಬಲಿಸಿದ್ದ ಮನುಷ್ಯ ರಾಮದುರ್ಗವನ್ನೂ ಮರೆತು ಕಣ್ಣು ತೆಗೆಯದೆ ನಿಂತುಬಿಟ್ಟ.

"ಏನ್ರಿ ಅದು?" ಎಂದರು ಅಧ್ಯಕ್ಷರು.

"ವಿಭೂತಿರಿ," ಎಂದ ಶಟ್ಟೆಪ್ಪ, ಕಣ್ಣು ಕೀಳದೆಯೇ. "ನಾನ ಹಚ್ಚೇನ್ರಿ. ಸ್ನಾನ ಮಾಡಿ, ಬಲಗೈಲೆ. ಎಲ್ಲಾ ವಾಯರಿಗೂ. ಯಾವ ವಾಯರಿಗೂ ಅನ್ಯಾಯ ಮಾಡಿಲ್ರಿ."

ತಾವೂ ಹಣೆ ತುಂಬ ವಿಭೂತಿ ಧರಿಸಿಕೊಂಡು ನಿಂತು ವಿಭೂತಿಯನ್ನು ಬೈಯುವುದು ಹೇಗೆಂದು ವಿರೂಪಾಕ್ಷಪ್ಪನವರಿಗೆ ತಿಳಿಯಲಿಲ್ಲ. ಕೊನೆಗೆ, "ವಾಯರಿಗೆ ಯಾಕ ಹಚ್ಚಿದಿ?" ಎಂದಷ್ಟೇ ಕೇಳಿದರು.

"ತುದೀನ ಅದರ ಹಣಿ ಅಂತ ಎಲ್ಲಾರೂ ಕೂಡಿ ಠರಾವ ಮಾಡಿದ್ವಿರಿ."

ಪ್ರಜ್ಞಾಳಿಗೆ ಸಿಟ್ಟು ಬಂದಿತ್ತು; ಈ ಮಾತಿಗೆ ಅದು ಇಳಿದುಹೋಯಿತು. "ಕಾಕಾ, ಹಣಿ ಅಲ್ರಿ ಅದು. ಕಣ್ಣು," ಎಂದಳು. "ಕಣ್ಣಾಗ ಯಾರರ ವಿಭೂತಿ ಹಾಕತಾರೇನ್ರಿ?"

ಬಾಗಿಲಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆಯ ಸಭೆಯಲ್ಲಿ ಈ ಸೂಚನೆ ಯಾರಿಂದಲೂ ಬಂದಿರಲಿಲ್ಲ. "ಖರೆ ಐತಿ ನೋಡ್," ಎಂದಳು ರಾಯವ್ವ, ತನ್ನ ಪಾಲು ಏನೂ ಇಲ್ಲದವಳಂತೆ.

"ಒರಸ್ತೇನಿ ತಡೀರಿ," ಎಂದು ಶಟ್ಟೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಒಂದು ತುದಿಯನ್ನು ತಿಕ್ಕಿಯೇಬಿಟ್ಟ. ಪ್ರಜ್ಞಾ ದುರ್ಬೀನಿನಲ್ಲಿ ನೋಡಿದಳು. ಗುಡ್ಡದ ಮೇಲೆ ಈಗ ಹತ್ತಿಯ ಎಳೆಗಳ ಅಡವಿಯೂ ಬೆಳೆದಿತ್ತು.

ಒರೆಸಲು ಅವಳ ಹತ್ತಿರ ತಕ್ಕ ಕಡ್ಡಿಗಳಿದ್ದವು, ಆದರೆ ಬೆರಳೆಣಿಕೆಯಷ್ಟು. ಸಿಕ್ಕಿಸಿದ ವಾಯರಿನಿಂದ ಕಪಾಟಿನ ಬಾಯಿಗಳಿಗೂ ವಿಭೂತಿ ಹತ್ತಿತ್ತು. ಅವುಗಳನ್ನು ಶುದ್ಧ ಮಾಡುವುದರಲ್ಲಿಯೇ ಕಡ್ಡಿಗಳು ಮುಗಿದವು. "ಒಂದ ವಾಯರ್ ಸ್ವಚ್ಛ ಇದ್ರ ಸಾಕ್ರಿ, ಇವತ್ತಿನ ಕೆಲಸ ಆಗತೈತಿ," ಎಂದಳು. "ಮೇಜಿನ ಮ್ಯಾಲೆ ಕವರಿನ್ಯಾಗ ಒಂದ್ ಇಟ್ಟಿದ್ದೆ. ಎಲ್ಲೈತಿ?"

ಮೇಜಿನ ಮೇಲೆ ಬೆಣ್ಣೆಯ ಡಬ್ಬಿಯ ದುಂಡು ಗುರುತು ಕೂಡ ಇರಲಿಲ್ಲ. ಆ ಗುರುತು ಇದ್ದದ್ದು ಕಪಾಟಿನ ಮೇಲೆ. ವಾಯರಂತೂ ಇರಲೇ ಇಲ್ಲ. ಶಟ್ಟೆಪ್ಪ ಮೇಜಿನ ಕೆಳಗೆ ಹೊಕ್ಕ, ಕಪಾಟಿನ ಹಿಂದೆ ಹೊಕ್ಕ, ಬರುವಾಗ ಮೈತುಂಬ ಸುಣ್ಣ ಹಚ್ಚಿಕೊಂಡು ಬಂದ.

"ಹುಬ್ಬಳ್ಳಿಯಿಂದ ತರಸ್ಬೇಕಂದ್ರ ಸಂಜಿ ಆಗತೈತ್ರಿ," ಎಂದಳು ಪ್ರಜ್ಞಾ.

ಹೊರಗೆ ಧ್ವನಿವರ್ಧಕದಲ್ಲಿ ಸ್ವಾತಂತ್ರ್ಯ ಬಂತು. ಚಪ್ಪಾಳೆ ಬಿತ್ತು.

"ಶಟ್ಟೆಪ್ಪ," ಎಂದರು ವಿರೂಪಾಕ್ಷಪ್ಪನವರು, ಬಹಳ ಮೆಲ್ಲಗೆ, "ರಾಮದುರ್ಗದ ಬಸ್ಸು ಮುಂಜಾನಿ ಏಳಕ್ಕೈತಿ."

ರಾಯವ್ವ ಸೆರಗನ್ನು ಬಾಯಿಗೆ ಒತ್ತಿದಳು. ಅವಳಿಗೆ ಹಿತ್ತಲಿನ ಗೋಡೆ ನೆನಪಾಗಿರಬೇಕು. ಹಾಗೆ ಒತ್ತಿಕೊಂಡೇ ಪಕ್ಕದಲ್ಲಿದ್ದ ತಮ್ಮನ ಕಡೆ ನೋಡಿದಳು. ಗಂಗಪ್ಪ ಕೈಚೀಲವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ದಾಟಿಸಿದ. ನಿನ್ನೆಯಿಂದ ಅವನು ಆ ಚೀಲವನ್ನು ಊಟಕ್ಕೆ ಕುಂತಾಗಲೂ ಕೆಳಗಿಟ್ಟಿರಲಿಲ್ಲ.

"ಗಂಗ್ಯಾ," ಎಂದಳು ರಾಯವ್ವ. "ಚೀಲದಾಗ ಏನೈತಿ?"

"ಉಂಡಿ ಅದಾವು ಅಕ್ಕಾ. ಹುಡುಗರಿಗಂತ."

"ಉಂಡಿ ನಾ ಕಟ್ಟಿ ಕೊಟ್ಟಿಲ್ಲ ಇನ್ನಾ."

ಒಂದು ಗಳಿಗೆ ಯರಗಟ್ಟಿಯ ವಾಯರಿನ ವ್ಯಾಪಾರಿ ಏನೋ ಲೆಕ್ಕ ಹಾಕಿದ. ಆಮೇಲೆ ಚೀಲಕ್ಕೆ ಕೈ ಹಾಕಿ ಕಿತ್ತಳೆ ಬಣ್ಣದ ಪೊಟ್ಟಣ ತೆಗೆದ. "ಅಂಗಡ್ಯಾಗ ನಾಕ ಮಂದೀಗೆ ತೋರಸೋಣಂತ ತಗೊಂಡಿದ್ದೆ," ಎಂದ. "ಮಂದಿ ನಂಬಬೇಕಲ್ಲ. ತಿರುಗಿ ಕಳಸಾಂವನ ಇದ್ದೆ ಮಾಮಾ."

"ಕವರ್ ಒಡದ್ರೇನ್ರಿ?" ಎಂದು ಪ್ರಜ್ಞಾ ಕೈ ಚಾಚಿದಳು.

ಗಂಗಪ್ಪನಿಗೆ ಕಳ್ಳತನದ ಆರೋಪಕ್ಕಿಂತ ಇದು ಹೆಚ್ಚು ನೋವು ಕೊಟ್ಟಿತು. "ಸೀಲ್ ಒಡದ ಮಾಲ್ ಯಾರರ ವಾಪಸ್ ತಗೋತಾರೇನ್ರಿ? ವ್ಯಾಪಾರ ಮಾಡಾಂವ ನಾನು. ನೋಡಾಕೂ ಒಡದಿಲ್ಲ."

ನಿಜ. ವಿಭೂತಿಗೂ ಭಜಿಯ ಎಣ್ಣೆಗೂ ಓಣಿಯ ಬೆರಳಿಗೂ ಸಿಗದೆ ಉಳಿದ ಒಂದೇ ಒಂದು ವಾಯರು ಅದು. ಪ್ರಜ್ಞಾ ಕವರು ಹರಿದು, ಟೋಪಿ ತೆಗೆದು, ಈ ಕಡೆ ಸಿಕ್ಕಿಸಿದಳು, ಆ ಕಡೆ ಸಿಕ್ಕಿಸಿದಳು. ಸಾಹೇಬರು ಪೆಂಡಾಲಿನಿಂದ ಇಳಿದು ಹೊಸ್ತಿಲ ಹೊರಗೆ ಬೂಟು ಬಿಚ್ಚುತ್ತಿರುವಾಗ ಹಸಿರು ದೀಪ ಹತ್ತಿತು.

ಸಾಹೇಬರು ಒಳಗೆ ಬಂದು, ಕತ್ತರಿಯಿಂದ ರಿಬ್ಬನ್ನು ಕತ್ತರಿಸಿ, ಎರಡು ಕಪಾಟುಗಳನ್ನೂ ನೋಡಿ, ನಡುವಿನ ವಾಯರಿಗೆ ಬೆರಳು ತೋರಿಸಿದರು. "ಬೆಳಕು ಇದರಾಗ ಹರೀತೈತೇನು? ಎಲ್ಲಿ, ನಮಗ ಕಾಣವಲ್ತಲ್ಲ."

ಪ್ರಜ್ಞಾ ಬಾಯಿ ತೆರೆಯುವ ಮೊದಲೇ ಶಟ್ಟೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಆ ಕಡಿ ಯಂತ್ರಕ್ಕ ಕಾಣತೈತ್ರಿ ಸಾಹೇಬ್ರ," ಎಂದ. "ಅದಕ್ಕ ಕಂಡ್ರ ಸಾಕು."

ಸಾಹೇಬರು ತಲೆದೂಗಿ, ಇಂಥ ತಿಳಿವಳಿಕೆಯ ಮನುಷ್ಯ ನಿಮ್ಮಲ್ಲಿರುವುದು ಭಾಗ್ಯ ಎಂದು ಅಧ್ಯಕ್ಷರಿಗೆ ಹೇಳಿ, ಜೀಪು ಹತ್ತಿದರು. ಸಾಹೇಬರೇ ಹೀಗೆಂದ ಮೇಲೆ ವಿರೂಪಾಕ್ಷಪ್ಪನವರು ರಾಮದುರ್ಗದ ಮಾತನ್ನು ಮತ್ತೆ ಎತ್ತಲಿಲ್ಲ. ಸಂಜೆ ಹುಬ್ಬಳ್ಳಿಯಿಂದ ಕಡ್ಡಿಗಳು ಬಂದವು. ಪ್ರಜ್ಞಾ ಉಳಿದ ವಾಯರುಗಳನ್ನು ಒಂದೊಂದಾಗಿ ಒರೆಸಿ ಸಿಕ್ಕಿಸಿದಳು. ಟವೆಲ್ಲು ತಾಗಿದ್ದು ಮಾತ್ರ ಗೀರು ಬಿದ್ದು ಕೆಟ್ಟಿತ್ತು. ಹೊರಡುವಾಗ ಅವಳೇ ವಿಭೂತಿ ತೆಗೆದು ಕೋಣೆಯ ಬಾಗಿಲ ಮೇಲೆ ಮೂರು ಬೆರಳು ಎಳೆದಳು. "ಹಣಿ ಇದು ಕಾಕಾ. ಇನ್ನ ಮ್ಯಾಲೆ ಎಷ್ಟ ಬೇಕಾದ್ರೂ ಇಲ್ಲೇ ಹಚ್ಚರಿ."

ಕೆಟ್ಟ ವಾಯರನ್ನು ಗಂಗಪ್ಪ ಕೇಳಿ ಪಡೆದು ಒಯ್ದ. ಅದು ಯರಗಟ್ಟಿಯ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಿದೆ. ಇದರಲ್ಲಿ ಬೆಳಕು ಹರಿಯುತ್ತದೆ ಎಂದು ಅವನು ಗಿರಾಕಿಗಳಿಗೆ ಹೇಳುತ್ತಾನೆ. ಅವರು ನಂಬುವುದಿಲ್ಲ. ಅವನು ಜಗಳಕ್ಕೆ ನಿಲ್ಲುತ್ತಾನೆ.

ಸಂಘಕ್ಕೆ ಒಂದು ಕರುವಿನಷ್ಟು ನಷ್ಟವಾಯಿತು. ಶಟ್ಟೆಪ್ಪನಿಗೆ ಬೈಲಹೊಂಗಲ ಉಳಿಯಿತು. ಗೌರಿ ಆ ಸಂಜೆಯೂ ಎಂದಿನಷ್ಟೇ ಹಾಲು ಕೊಟ್ಟಳು.